ಆಂಪ್ ಬದಲಿಸುವ ಮೊದಲು ಸೋಫಾ ಸರಿಸಿ

ಪ್ರಶ್ನೆ: ನಾನು ವಿಜಯಪುರದವನು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಯಸ್ಸು 51. ಹಿಂದೂಸ್ತಾನಿ ಗಾಯನ ಅಂದರೆ ಪ್ರಾಣ. ಆರು ವರ್ಷದಲ್ಲಿ ಮೂರು ಆಂಪ್ಲಿಫೈಯರ್, ಎರಡು ಜೊತೆ ಸ್ಪೀಕರ್, ಎರಡು ಡ್ಯಾಕ್ (ಡಿಜಿಟಲ್ ಫೈಲನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಪೆಟ್ಟಿಗೆ) ಬದಲಿಸಿದ್ದೇನೆ. ಹೊಸದು ಬಂದಾಗ ಒಂದು ತಿಂಗಳು ಖುಷಿ, ಆಮೇಲೆ ಮತ್ತೆ ಏನೋ ಕಡಿಮೆ ಅನ್ನಿಸುತ್ತದೆ. ತಂಬೂರಿ ಗುಮ್ ಅನ್ನುತ್ತದೆ. ಹಾಡಿನ ಮಾತು ಸ್ಪಷ್ಟ ಇಲ್ಲ. ರಾತ್ರಿ ಸಣ್ಣಗೆ ಇಟ್ಟು ಕೇಳಿದರೆ ದನಿಗೆ ಮೈಯೇ ಇರುವುದಿಲ್ಲ. ಈಗಿರುವುದು 60 ವಾಟ್ ಆಂಪ್, 120 ವಾಟ್‌ನದು ತರಬೇಕು ಅಂತ ಮನಸ್ಸು. ಜೊತೆಗೆ ಒಳ್ಳೆಯ ಕೇಬಲ್. ಕೋಣೆ 12 ಅಡಿ ಉದ್ದ, 12 ಅಡಿ ಅಗಲ, ಎತ್ತರ 10 ಅಡಿ. ನೆಲಕ್ಕೆ ಟೈಲ್ಸ್, ಒಂದು ಪಕ್ಕಕ್ಕೆ ದೊಡ್ಡ ಗಾಜಿನ ಕಿಟಕಿ. ಸ್ಪೀಕರ್ ಎರಡೂ ಮೂಲೆಯಲ್ಲಿ, ಸೋಫಾ ಎದುರಿನ ಗೋಡೆಗೆ. ಯಾವ ಆಂಪ್ ತೆಗೆದುಕೊಳ್ಳಲಿ? ಈ ಬದಲಿಸುವ ಚಟಕ್ಕೆ ಕೊನೆ ಇದೆಯೇ?

ಉತ್ತರ: ಈಗ ಯಾವ ಆಂಪನ್ನೂ ತೆಗೆದುಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಮೂರು ದೂರುಗಳಿವೆ. ತಂಬೂರಿ ಗುಮ್ ಅನ್ನುವುದು, ಮಾತು ಕಲಸಿಹೋಗುವುದು, ಸಣ್ಣ ವಾಲ್ಯೂಮ್‌ನಲ್ಲಿ ದನಿ ತೆಳ್ಳಗಾಗುವುದು. ಮೊದಲೆರಡಕ್ಕೆ ನಿಮ್ಮ ಕೋಣೆ ಕಾರಣ. ಮೂರನೆಯದಕ್ಕೆ ಮನುಷ್ಯನ ಕಿವಿ ಕೆಲಸ ಮಾಡುವ ರೀತಿಯೇ ಕಾರಣ. ಆರು ವರ್ಷದಲ್ಲಿ ನೀವು ಎಲ್ಲವನ್ನೂ ಬದಲಿಸಿದ್ದೀರಿ, ಕೋಣೆಯನ್ನು ಮಾತ್ರ ಮುಟ್ಟಿಲ್ಲ. ಅದಕ್ಕೇ ಹೊಸ ಯಂತ್ರದ ಖುಷಿ ಇಳಿದ ಮೇಲೆ ಹಳೆಯ ಕೊರತೆಯೇ ಎದ್ದು ಬರುತ್ತಿದೆ.

ತಂಬೂರಿಯಿಂದ ಶುರು ಮಾಡೋಣ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಳ್ಳುತ್ತವೆ. ಗೋಡೆಗೆ ಬಡಿದ ಅಲೆ ತಿರುಗಿ ಬರುವ ಹೊತ್ತಿಗೆ ಹಿಂದಿನಿಂದ ಬರುವ ಅಲೆ ಅದಕ್ಕೆ ಸರಿಯಾಗಿ ಕೂಡಿಕೊಂಡರೆ ಆ ಸ್ವರ ಉಬ್ಬುತ್ತದೆ. ಯಾವ ಸ್ವರ ಅನ್ನುವುದನ್ನು ಗೋಡೆಗಳ ನಡುವಿನ ದೂರ ತೀರ್ಮಾನಿಸುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ನಿಮ್ಮ 12 ಅಡಿ ಅಂದರೆ 3.66 ಮೀಟರ್. ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ ಸುಮಾರು 47 ಬರುತ್ತದೆ. ಅಂದರೆ ಸೆಕೆಂಡಿಗೆ 47 ಕಂಪನದ ಸ್ವರ, 47 ಹರ್ಟ್ಜ್, ನಿಮ್ಮ ಕೋಣೆಯಲ್ಲಿ ಮೊದಲು ಉಬ್ಬುತ್ತದೆ. ಆಮೇಲೆ ಅದರ ಎರಡರಷ್ಟು, 94. ಆಮೇಲೆ ಮೂರರಷ್ಟು, 141.

ಈಗ ಗಾಯನದ ಕಡೆ ನೋಡಿ. ಗಂಡಸರು ಹಾರ್ಮೋನಿಯಂನ ಕಾಳಿ ಒಂದು, ಅಂದರೆ ಮೊದಲ ಕಪ್ಪು ಮನೆಯ ಪಟ್ಟಿಯಲ್ಲಿ ಹಾಡುವುದು ತುಂಬ ಸಾಮಾನ್ಯ. ಅದರ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ನಡುವಿನ ಎರಡು ತಂತಿ ಅಲ್ಲೇ ಇರುತ್ತವೆ. ನಿಮ್ಮ ಕೋಣೆ ಉಬ್ಬಿಸುವ 141 ಅದರ ಪಕ್ಕದಲ್ಲೇ ಕೂತಿದೆ. ತಬಲಾ ಜೊತೆಯ ಎಡಗೈ ವಾದ್ಯ ಡಗ್ಗಾದ ದನಿ ಓಡಾಡುವ ಜಾಗದಲ್ಲಿ 94 ಇದೆ. ಒಂದು ತಂತಿ ಮಾತ್ರ ಮೈಮೇಲೆ ಬಂದಂತೆ ಕೇಳುವುದು, ಡಗ್ಗಾದ ಒಂದು ಪೆಟ್ಟು ಜೋರು ಇನ್ನೊಂದು ಸಪ್ಪೆ ಆಗುವುದು, ಎಲ್ಲ ಇದರಿಂದಲೇ. ನಿಮ್ಮ ಕೋಣೆ ಚೌಕವಾಗಿರುವುದರಿಂದ ತೊಂದರೆ ಇನ್ನೂ ಜಾಸ್ತಿ. ಉದ್ದದ ಗೋಡೆಗಳು ಉಬ್ಬಿಸುವ ಸ್ವರಗಳನ್ನೇ ಅಗಲದ ಗೋಡೆಗಳೂ ಉಬ್ಬಿಸುತ್ತವೆ. 12 ಅಡಿಗೆ 15 ಅಡಿ ಇದ್ದಿದ್ದರೆ ಉಬ್ಬು ಬೇರೆ ಬೇರೆ ಸ್ವರಗಳ ಮೇಲೆ ಹಂಚಿಹೋಗುತ್ತಿತ್ತು.

ಅದರ ಮೇಲೆ ನಿಮ್ಮ ಸ್ಪೀಕರ್‌ಗಳು ಮೂಲೆಯಲ್ಲಿವೆ, ನೀವು ಗೋಡೆಗೆ ಒರಗಿ ಕೂತಿದ್ದೀರಿ. ಈ ಉಬ್ಬುಗಳೆಲ್ಲ ಗೋಡೆಯ ಹತ್ತಿರ ಅತಿ ಜೋರು. ಮೂಲೆಯಲ್ಲಿಟ್ಟ ಸ್ಪೀಕರ್ ಅವೆಲ್ಲವನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಹಿಂದಿನ ಗೋಡೆಗೆ ತಲೆ ತಾಗಿಸಿ ಕೂತವರ ಕಿವಿ ಅವೆಲ್ಲವನ್ನೂ ಪೂರ್ತಿ ಹಿಡಿಯುತ್ತದೆ. ಕೋಣೆಯೊಳಗಿನ ಅತಿ ಕೆಟ್ಟ ಜಾಗ ಸೋಫಾಕ್ಕೆ ಸಿಕ್ಕಿದೆ. ನಮ್ಮ ಕಡೆ ಹೊಸ ಮನೆಗಳಲ್ಲಿ ಬಹುತೇಕ ಹೀಗೇ ಇರುತ್ತದೆ, ಯಾಕೆಂದರೆ ನಡುವೆ ಓಡಾಡಲು ಜಾಗ ಬೇಕು. ಅದು ನನಗೂ ಗೊತ್ತು. ಆದರೆ ಸಂಗೀತ ಕೇಳುವ ಒಂದು ಗಂಟೆಯ ಮಟ್ಟಿಗೆ ಒಂದು ಕುರ್ಚಿ ಮುಂದಕ್ಕೆ ಬರಬಹುದು, ಅಲ್ವಾ?

ಹೀಗೆ ಮಾಡಿ ನೋಡಿ. ಸ್ಪೀಕರ್‌ಗಳನ್ನು ಮೂಲೆಯಿಂದ ಹೊರಗೆ ತನ್ನಿ. ಅವುಗಳ ಹಿಂದಿನ ಗೋಡೆಯಿಂದ ಎರಡು ಅಡಿ, ಪಕ್ಕದ ಗೋಡೆಯಿಂದ ಮೂರು ಅಡಿ. ಎರಡರ ನಡುವೆ ಆರು ಅಡಿ ಉಳಿಯುತ್ತದೆ. ನಿಮ್ಮ ಕುರ್ಚಿಯನ್ನು ನಿಮ್ಮ ಹಿಂದಿನ ಗೋಡೆಯಿಂದ ನಾಲ್ಕು ಅಡಿ ಮುಂದೆ ಹಾಕಿ. ಆಗ ನೀವು ಮತ್ತು ಎರಡು ಸ್ಪೀಕರ್ ಸೇರಿ ಹೆಚ್ಚು ಕಡಿಮೆ ಸಮ ತ್ರಿಕೋನ ಆಗುತ್ತದೆ. ಸ್ಪೀಕರಿನ ಮೇಲಿನ ಚಿಕ್ಕ ಕೋನ್, ಅಂದರೆ ಟ್ವೀಟರ್, ಕೂತಾಗ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಮೊಬೈಲಿನಲ್ಲಿ ಟೋನ್ ಹೊರಡಿಸುವ ಆಪ್ ಸಿಗುತ್ತದೆ, ಮೊಬೈಲನ್ನು ಆಂಪಿಗೆ ಜೋಡಿಸಿ. 40ರಿಂದ 200 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರಿಸುತ್ತಾ ಹೋಗಿ. ಎಲ್ಲಿ ದನಿ ಏಕಾಏಕಿ ಉಬ್ಬುತ್ತದೆ, ಎಲ್ಲಿ ಮಾಯವಾಗುತ್ತದೆ ಗುರುತು ಮಾಡಿಕೊಳ್ಳಿ. ಕುರ್ಚಿಯನ್ನು ಅರ್ಧ ಅಡಿ ಹಿಂದೆ, ಅರ್ಧ ಅಡಿ ಮುಂದೆ ಸರಿಸಿ ಮತ್ತೆ ಕೇಳಿ. ಕೋಣೆಯ ನಟ್ಟನಡುವೆ ಮಾತ್ರ ಕೂರಬೇಡಿ. ಅಲ್ಲಿ 47 ಮತ್ತು 141 ಎರಡೂ ಕಾಣೆಯಾಗುತ್ತವೆ, 94 ಮಾತ್ರ ಗುಡುಗುತ್ತದೆ. ಅರ್ಧ ಅಡಿಗೆ ಇಷ್ಟು ವ್ಯತ್ಯಾಸ ಇದೆಯೇ ಅಂತ ಆಶ್ಚರ್ಯ ಆಗುತ್ತದೆ. ನೀವು ಬದಲಿಸಿದ ಮೂರು ಆಂಪ್‌ಗಳ ನಡುವೆ ಇದರ ಹತ್ತರಲ್ಲಿ ಒಂದು ಪಾಲು ವ್ಯತ್ಯಾಸವೂ ಇದ್ದಿರಲಾರದು.

ಇನ್ನು ಮಾತು ಕಲಸುವ ವಿಷಯ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆ ಆದ ಮೇಲೆ ಟರ್ರ್ ಅಂತ ಒಂದು ಬಾಲ ಕೇಳುತ್ತದೆ. ಟೈಲ್ಸ್, ಗಾಜು, ನುಣ್ಣಗೆ ಗಾರೆ ಮಾಡಿದ ಗೋಡೆ, ಯಾವುದೂ ಶಬ್ದವನ್ನು ಕುಡಿಯುವುದಿಲ್ಲ. ಬಂದದ್ದನ್ನು ಹಾಗೇ ತಿರುಗಿಸಿ ಕಳಿಸುತ್ತವೆ. ಇದರ ಅತಿ ದೊಡ್ಡ ಉದಾಹರಣೆ ನಿಮ್ಮ ಊರಲ್ಲೇ ಇದೆ. ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅವನ ಗೋರಿಯ ಮೇಲಿರುವ ಗೋಳಗುಮ್ಮಟದ ಗೋಪುರ ಒಳಗಿನಿಂದ ಸುಮಾರು 38 ಮೀಟರ್ ಅಗಲ. ಮೇಲಿನ ಮೊಗಸಾಲೆಯಲ್ಲಿ ಒಂದು ಕಡೆ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳುತ್ತದೆ, ಒಂದು ಕೂಗು ಏಳಕ್ಕಿಂತ ಜಾಸ್ತಿ ಸಲ ಮರುಕಳಿಸುತ್ತದೆ. ಅದೇ ಮೊಗಸಾಲೆಯಲ್ಲಿ ಶಾಲೆ ಮಕ್ಕಳು ಗುಂಪಾಗಿ ಬಂದಾಗ ಒಂದು ಮಾತೂ ತಿಳಿಯುವುದಿಲ್ಲ. ಹಿಂದಿನ ಶಬ್ದ ಸಾಯುವ ಮೊದಲೇ ಮುಂದಿನದು ಬಂದು ಬೀಳುತ್ತದೆ. ನಿಮ್ಮ ಕೋಣೆಯಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತಿದೆ. ಬಂದಿಶಿನ, ಅಂದರೆ ಹಾಡುವ ರಚನೆಯ, ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತಿದೆ.

ಕೋಣೆಯ ಈ ಲೆಕ್ಕ ಹುಟ್ಟಿದ್ದೇ ಕೂರುವ ದಿಂಬುಗಳಿಂದ. 1895ರ ಹೊತ್ತಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಹೊಸ ಉಪನ್ಯಾಸ ಕೋಣೆಯಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಶಬ್ದ ಅಡಗಲು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಅದನ್ನು ಸರಿಮಾಡಲು ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನಿಗೆ ಹೇಳಿದರು. ಆತ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿಯ ದಿಂಬುಗಳನ್ನು ಹೊತ್ತು ತಂದು ಈ ಕೋಣೆಯಲ್ಲಿ ಜೋಡಿಸಿದ. ಆರ್ಗನ್ನಿನ ಒಂದು ಕೊಳವೆ ಊದಿಸಿ, ದನಿ ಅಡಗಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಅಳೆದ. ಇನ್ನಷ್ಟು ದಿಂಬು ತಂದ, ಮತ್ತೆ ಅಳೆದ. ಬೆಳಗಾಗುವ ಮೊದಲು ದಿಂಬುಗಳು ವಾಪಸ್ ಹೋಗಬೇಕಿತ್ತು. ಕೋಣೆ ಎಷ್ಟು ದೊಡ್ಡದು, ಅದರಲ್ಲಿ ಶಬ್ದ ಕುಡಿಯುವ ವಸ್ತು ಎಷ್ಟಿದೆ, ಈ ಎರಡರಿಂದ ದನಿಯ ಬಾಲ ಎಷ್ಟು ಉದ್ದ ಅಂತ ಹೇಳುವ ಸೂತ್ರ ಹೀಗೆ ಸಿಕ್ಕಿತು. ಇಂದಿಗೂ ಸಭಾಂಗಣ ಕಟ್ಟುವವರು ಬಳಸುವುದು ಅದನ್ನೇ. ಆ ಸೂತ್ರಕ್ಕೆ ನಿಮ್ಮ ಕೋಣೆಯ ಅಳತೆ ಹಾಕಿದರೆ, ಖಾಲಿ ಇದ್ದಾಗ ಬಾಲ ಎರಡು ಸೆಕೆಂಡ್ ದಾಟುತ್ತದೆ. ಮನೆಯಲ್ಲಿ ಗಾಯನ ಕೇಳಲು ಅರ್ಧ ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ.

ಅದಕ್ಕೆ ಬೇಕಾದ ಸಾಮಾನು ಉತ್ತರ ಕರ್ನಾಟಕದ ಪ್ರತಿ ಮನೆಯಲ್ಲೂ ಇದೆ. ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಸ್ಪೀಕರಿಗೂ ನಿಮಗೂ ನಡುವೆ. ಕಿಟಕಿಗೆ ನೆರಿಗೆ ಜಾಸ್ತಿ ಇರುವ ದಪ್ಪ ಪರದೆ ಬಿಡಿ. ಟ್ರಂಕಿನಲ್ಲಿ ಅಜ್ಜಿ ಹೊಲಿದ ಕೌದಿಗಳು ಇದ್ದರೆ ಹೊರಗೆ ತೆಗೆಯಿರಿ. ಹಳೆ ಸೀರೆ, ಧೋತರಗಳ ಏಳೆಂಟು ಪದರ ಸೇರಿಸಿ ಹೊಲಿದ ಕೌದಿ ಶಬ್ದ ಕುಡಿಯುವುದರಲ್ಲಿ ತುಂಬ ಒಳ್ಳೆಯದು. ಗೋಡೆಗೆ ಅಂಟಿಸಿ ಹಾಕಬೇಡಿ, ಮೂರು-ನಾಲ್ಕು ಇಂಚು ಬಿಟ್ಟು ಒಂದು ಕೋಲಿಗೆ ತೂಗುಹಾಕಿ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗುವುದಿಲ್ಲ. ಗಾಳಿ ಅಲುಗದಿದ್ದರೆ ಬಟ್ಟೆಗೆ ಕುಡಿಯಲು ಏನೂ ಸಿಗುವುದಿಲ್ಲ. 1000 ಹರ್ಟ್ಜ್ ದನಿಯ ಅಲೆ 34 ಸೆಂಟಿಮೀಟರ್ ಉದ್ದ. ಅದರ ಕಾಲು ಭಾಗ, ಸುಮಾರು ಎಂಟೂವರೆ ಸೆಂಟಿಮೀಟರ್, ಗೋಡೆಯಿಂದ ದೂರ ಇದ್ದಾಗ ಅಲ್ಲಿ ಗಾಳಿಯ ಅಲುಗಾಟ ಅತಿ ಜಾಸ್ತಿ. ಮಾತಿನ ಸ್ಪಷ್ಟತೆಗೆ ಬೇಕಾದ ದನಿಗಳು ಹೆಚ್ಚಾಗಿ ಇದಕ್ಕಿಂತ ಮೇಲಿವೆ, ಹಾಗಾಗಿ ಕೌದಿ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲಿ ತೂಗುಹಾಕಬೇಕು? ನೀವು ಕುರ್ಚಿಯಲ್ಲಿ ಕೂತಿರಿ. ಮಗನಿಗೋ ಮಗಳಿಗೋ ಪಕ್ಕದ ಗೋಡೆಯ ಮೇಲೆ ಒಂದು ಕನ್ನಡಿ ಸರಿಸುತ್ತಾ ಹೋಗಲು ಹೇಳಿ. ಕನ್ನಡಿಯಲ್ಲಿ ನಿಮಗೆ ಸ್ಪೀಕರ್ ಕಂಡ ಜಾಗವೇ ಶಬ್ದ ಮೊದಲು ಬಡಿದು ನಿಮ್ಮ ಕಡೆ ಬರುವ ಜಾಗ. ಎರಡೂ ಪಕ್ಕ ಹೀಗೆ ಹುಡುಕಿ ಅಲ್ಲಿ ಕೌದಿ ಹಾಕಿ. ನಿಮ್ಮ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬರಲಿ, ಪುಸ್ತಕಗಳು ಒಂದೇ ಸಾಲಿಗೆ ಇರದೆ ಹಿಂದೆ ಮುಂದೆ ಇರಲಿ. ಮೂಲೆಗಳಲ್ಲಿ ಅರಳೆ ಗಾದಿಗಳನ್ನು ಸುತ್ತಿ ನಿಲ್ಲಿಸಿದರೆ ಗುಮ್ ಅನ್ನುವುದೂ ಸ್ವಲ್ಪ ಕಡಿಮೆ ಆಗುತ್ತದೆ. ಸ್ವಲ್ಪ ಮಾತ್ರ. 100 ಹರ್ಟ್ಜ್ ಅಲೆ 3.4 ಮೀಟರ್ ಉದ್ದ, ಅದನ್ನು ಗಾದಿಯಿಂದ ಪೂರ್ತಿ ಹಿಡಿಯಲು ಆಗುವುದಿಲ್ಲ. ಅದಕ್ಕೆ ಕುರ್ಚಿ ಸರಿಸುವುದೇ ಮದ್ದು. ಗೋಡೆ ಪೂರ್ತಿ ಬಟ್ಟೆ ಹೊದಿಸಲೂ ಹೋಗಬೇಡಿ, ಮೇಲಿನ ದನಿ (ಟ್ರೆಬಲ್) ಸತ್ತು ಮಂದ್ರ (ಬಾಸ್) ಮಾತ್ರ ಉಳಿಯುತ್ತದೆ, ಆಗ ಗಾಯನ ಇನ್ನೂ ಮಂಕು.

ಹಳೆಯ ಮೇಲ್ಮುದ್ದೆ ಮನೆಯ ಪಡಸಾಲೆಯಲ್ಲಿ ರೇಡಿಯೋ ಇಟ್ಟು ಕೇಳಿದವರು ಇವತ್ತಿಗೂ ಆ ದನಿ ನೆನೆಸುತ್ತಾರೆ. ಅದರಲ್ಲಿ ಬರೀ ನೆನಪಿನ ಮೋಹ ಇಲ್ಲ. ಮಣ್ಣಿನ ಗೋಡೆ ಏರುಪೇರು. ಮೇಲೆ ತೊಲೆ, ಜಂತಿ. ನೆಲದ ಮೇಲೆ ಜನ, ಚೀಲ, ಹಾಸಿಗೆ. ಶಬ್ದ ಅಲ್ಲಿ ಒಡೆದು ಚದುರುತ್ತಿತ್ತು. ಕಾಂಕ್ರೀಟ್ ಪೆಟ್ಟಿಗೆಗೆ ಬಂದ ಮೇಲೆ ನಾವು ಅದನ್ನು ಕಳೆದುಕೊಂಡೆವು. ಕಳೆದುಕೊಂಡದ್ದನ್ನು ಆಂಪಿನಲ್ಲಿ ಹುಡುಕುತ್ತಿದ್ದೇವೆ.

ಮೂರನೆಯ ದೂರು, ರಾತ್ರಿ ದನಿ ತೆಳ್ಳಗಾಗುವುದು. ಇದನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ವಾಲ್ಯೂಮ್ ಇಳಿಸಿದಷ್ಟೂ ನಮ್ಮ ಕಿವಿಗೆ ಮಂದ್ರದ ದನಿಗಳು ಉಳಿದವುಗಳಿಗಿಂತ ಬೇಗ ಕಾಣೆಯಾಗುತ್ತವೆ. ಎಲ್ಲರ ಕಿವಿಯೂ ಹೀಗೇ. ಯಾವ ಆಂಪ್ ತಂದರೂ ಸಣ್ಣ ವಾಲ್ಯೂಮ್‌ನಲ್ಲಿ ಮಂದ್ರ ಸೊರಗುತ್ತದೆ. ಹಳೆ ಆಂಪ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಗುಂಡಿ ಇರುತ್ತಿತ್ತು, ಅದು ಇದ್ದದ್ದು ಇದಕ್ಕೇ. ನಿಮ್ಮದರಲ್ಲಿ ಇದ್ದರೆ ರಾತ್ರಿ ಒತ್ತಿ. ಇಲ್ಲವಾದರೆ ಬಾಸ್ ಗುಂಡಿಯನ್ನು ಸ್ವಲ್ಪ ತಿರುಗಿಸಿ. ಟೋನ್ ಗುಂಡಿ ಮುಟ್ಟಬಾರದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗುಂಡಿ ಇರುವುದೇ ತಿರುಗಿಸಲು.

ಇನ್ನು 120 ವಾಟ್. ವಾಟ್ ಎರಡರಷ್ಟಾದರೆ ಜೋರು ಎರಡರಷ್ಟಾಗುವುದಿಲ್ಲ, 3 ಡೆಸಿಬಲ್ ಅಷ್ಟೇ ಏರುತ್ತದೆ. ಗೊತ್ತಾಗುತ್ತದೆ, ಆದರೆ ಸಣ್ಣ ವ್ಯತ್ಯಾಸ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅದಕ್ಕೆ ಹತ್ತರಷ್ಟು ವಾಟ್ ಬೇಕು. ಅಂದರೆ 600. ಈಗ ನಿಮಗೆ ನಿಜವಾಗಿ ಎಷ್ಟು ಬೇಕು ನೋಡೋಣ. ಮನೆಯ ಸ್ಪೀಕರ್ ಸಾಮಾನ್ಯವಾಗಿ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 86-88 ಡೆಸಿಬಲ್ ಕೊಡುತ್ತದೆ. ಎರಡು ಸ್ಪೀಕರ್, ಆರು ಅಡಿ ದೂರ ಅಂದರೆ ನಿಮ್ಮ ಕಿವಿಯ ಹತ್ತಿರ ಒಂದು ವಾಟ್‌ಗೆ 85ರ ಆಸುಪಾಸು. ಮನೆಯಲ್ಲಿ ಗಾಯನ ಆರಾಮಾಗಿ ಕೇಳುವುದು 70-75 ಡೆಸಿಬಲ್‌ನಲ್ಲಿ. ಅದಕ್ಕೆ ಒಂದು ವಾಟ್‌ನ ಹತ್ತನೇ ಒಂದು ಭಾಗ ಸಾಕು. ತಾರಸಪ್ತಕದ ಜೋರು ತಾನ್, ತಬಲಾದ ಪೆಟ್ಟು ಅದಕ್ಕಿಂತ 15 ಡೆಸಿಬಲ್ ಮೇಲೆ ಹಾರಿದರೂ ಮೂರು-ನಾಲ್ಕು ವಾಟ್ ಆಯಿತು. ನಿಮ್ಮ 60 ವಾಟ್‌ನಲ್ಲಿ ಬಹುಪಾಲು ಸುಮ್ನೆ ಕೂತಿದೆ.

ಕೇಬಲ್ ಬಗ್ಗೆ ಬೇಗ ಮುಗಿಸುತ್ತೇನೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು. ಐದು ಮೀಟರ್ ಉದ್ದಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, ಅದರ ರೆಸಿಸ್ಟೆನ್ಸ್ 0.07 ಓಮ್‌ನಷ್ಟು. ಸ್ಪೀಕರ್ 8 ಓಮ್, ಅದರ ಎದುರು ಇದು ಲೆಕ್ಕಕ್ಕೇ ಇಲ್ಲ. ಇದಕ್ಕಿಂತ ದುಬಾರಿ ವೈರಿಗೆ ಕೊಡುವ ಹಣ ಅಂದಕ್ಕೆ ಹೋಗುತ್ತದೆ, ದನಿಗೆ ಹೋಗುವುದಿಲ್ಲ. ಜೋಡಣೆಯ ತುದಿಗಳು ಕಪ್ಪಾಗಿದ್ದರೆ ಉಜ್ಜಿ ಬಿಗಿ ಮಾಡಿ.

ಈಗ ಚಟದ ಪ್ರಶ್ನೆ. ನಿಮಗೆ ಕೇಳಿದ ವ್ಯತ್ಯಾಸ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನೀವು ನಿಜವಾಗಿಯೂ ಖುಷಿಪಟ್ಟಿದ್ದೀರಿ. ಆದರೆ ದನಿಯ ಸೂಕ್ಷ್ಮ ನೆನಪು ನಮ್ಮ ತಲೆಯಲ್ಲಿ ಕೆಲವೇ ಸೆಕೆಂಡ್ ಉಳಿಯುತ್ತದೆ. ಹಳೆ ಆಂಪ್ ಬಿಚ್ಚಿ, ಹೊಸದು ಜೋಡಿಸಿ, ಚಹಾ ಕುಡಿದು ಕೂರುವ ಹೊತ್ತಿಗೆ ಆ ನೆನಪು ಹೋಗಿರುತ್ತದೆ. ಉಳಿದಿರುವುದು ಹಳೆಯದು ಹೀಗಿತ್ತು ಅನ್ನುವ ಅಭಿಪ್ರಾಯ ಮಾತ್ರ. ಜೊತೆಗೆ ಹೊಸ ಆಂಪಿನ ವಾಲ್ಯೂಮ್ ಕೂದಲೆಳೆಯಷ್ಟು ಜೋರಿದ್ದರೂ ಕಿವಿ ಅದನ್ನು ಜೋರು ಅಂತ ಹೇಳುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ಇನ್ನೂ ಒಂದಿದೆ. ಹೊಸದು ತಂದ ದಿನ ನೀವು ಮೊಬೈಲ್ ಬದಿಗಿಟ್ಟು, ದೀಪ ಸಣ್ಣ ಮಾಡಿ, ಎರಡು ಗಂಟೆ ಗಮನ ಕೊಟ್ಟು ಕೇಳುತ್ತೀರಿ. ಹಳೆ ಆಂಪಿನಲ್ಲಿ ಹಾಗೆ ಕೇಳಿ ಎಷ್ಟು ದಿನ ಆಗಿತ್ತು? ಗಮನ ಕೊಟ್ಟಾಗ ಮೊದಲು ಕೇಳದಿದ್ದದ್ದು ಕೇಳುತ್ತದೆ. ಅದರ ಹೆಸರು ಆಂಪಿಗೆ ಬರುತ್ತದೆ.

ಕಣ್ಣಿನ ಪಾತ್ರವೂ ದೊಡ್ಡದು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ದನಿ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. ಅದೇ ಸ್ಪೀಕರ್‌ಗಳನ್ನು ಅದೇ ಜನಕ್ಕೆ ಒಮ್ಮೆ ಕಣ್ಣೆದುರು ಇಟ್ಟು, ಒಮ್ಮೆ ಪರದೆಯ ಹಿಂದೆ ಇಟ್ಟು ಕೇಳಿಸಿದರು. ಕಣ್ಣೆದುರು ಇದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಮೆಚ್ಚುಗೆ ಏರಿತು, ಚಿಕ್ಕದಕ್ಕೆ ಇಳಿಯಿತು. ಪರದೆ ಬಿದ್ದ ಮೇಲೆ ಅಂತರ ಕುಗ್ಗಿತು. ಕೇಳಿದವರು ಸ್ಪೀಕರ್ ಕಂಪನಿಯವರೇ, ದನಿಯ ಬಗ್ಗೆ ಏನೂ ಗೊತ್ತಿಲ್ಲದವರಲ್ಲ. ಹಾಗಾಗಿ ಇದಕ್ಕೆ ನೀವು ಬೇಜಾರು ಮಾಡಿಕೊಳ್ಳಬೇಕಿಲ್ಲ. ಕಣ್ಣು ಕಂಡದ್ದನ್ನು ಕಿವಿ ಕೇಳುವುದು ಎಲ್ಲರಿಗೂ ಆಗುತ್ತದೆ.

ಡ್ಯಾಕ್ ಎರಡು ಸಲ ಬದಲಿಸಿದ್ದೀರಿ, ಬಹುಶಃ ಹೈ-ರೆಸ್, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ ದಾಖಲಿಸಿದ ಫೈಲ್‌ಗಳಿಗಾಗಿ. 1982ರಲ್ಲಿ ಬಂದ ಸಿಡಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ದಾಖಲಿಸುತ್ತದೆ. ಮನುಷ್ಯನಿಗೆ ಕೇಳುವ 20,000 ಹರ್ಟ್ಜ್‌ವರೆಗಿನ ಎಲ್ಲಕ್ಕೂ ಅದು ಸಾಕು. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಹೈ-ರೆಸ್ ದನಿಯನ್ನು ಹಾಗೇ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿ, ಯಾವುದು ಯಾವುದು ಗುರುತಿಸಿ ಅಂದರು. 554 ಸಲ ಕೇಳಿದ್ದರಲ್ಲಿ ಸರಿ ಉತ್ತರ ಶೇಕಡ 49.8. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2016ರಲ್ಲಿ ಜೋಶುವಾ ರೈಸ್ ಇಂಥ 18 ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ ಶೇಕಡ 52.3 ಬಂತು. ಒಂದಿಷ್ಟು ವ್ಯತ್ಯಾಸ ಇರಬಹುದು ಅಂತ ಇಟ್ಟುಕೊಂಡರೂ ಅದು ಇಷ್ಟು ಸಣ್ಣದು. ನಿಮ್ಮ ಕೋಣೆಯ ಫ್ಯಾನ್ ಅದಕ್ಕಿಂತ ಎಷ್ಟೋ ದೊಡ್ಡ ವಿಷಯ.

ಫ್ಯಾನ್ ಬಗ್ಗೆ ಗಂಭೀರವಾಗಿಯೇ ಹೇಳುತ್ತಿದ್ದೇನೆ. ವಿಜಯಪುರದ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರಲು ಆಗುವುದಿಲ್ಲ, ಕೆಲವರ ಮನೆಯಲ್ಲಿ ಕೂಲರ್ ಬೇರೆ. ಕೂಲರ್ ಓಡುತ್ತಿದ್ದರೆ ಗಾಯನದ ಅರ್ಧ ಸೂಕ್ಷ್ಮ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ಕೇಳುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಕ್ಷಯದಿಂದ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದ ಮೇಲೆ ಅವರು ಸಣ್ಣ ಸಣ್ಣ ತುಣುಕುಗಳಲ್ಲಿ ಹಾಡುವ ರೀತಿ ಕಂಡುಕೊಂಡರು. ತುಣುಕಿಗೂ ತುಣುಕಿಗೂ ನಡುವಿನ ಬಿಡುವಿನಲ್ಲಿ ತಂಬೂರಿ ತುಂಬಿಕೊಳ್ಳುತ್ತದೆ. ಆ ಬಿಡುವನ್ನು ಕೂಲರ್ ತುಂಬಿದರೆ ಅರ್ಧ ಗಾಯನ ಹೋದಂತೆ. ಸಂಜೆ ತಂಪಾದ ಮೇಲೆ ಅಥವಾ ಬೆಳಗಿನ ಜಾವ, ಫ್ಯಾನ್ ಸಣ್ಣಗೆ ಮಾಡಿ ಕೇಳಿ. ಸದ್ದಿಲ್ಲದ ಬಿಎಲ್‌ಡಿಸಿ ಫ್ಯಾನ್ ತಂದರೆ, ಅದನ್ನು ನಾನು ಆಡಿಯೋ ಖರ್ಚು ಅಂತಲೇ ಲೆಕ್ಕ ಹಾಕುತ್ತೇನೆ.

ಇನ್ನೊಂದು ಮಿತಿ ರೆಕಾರ್ಡಿಂಗಿನದೇ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಿದ್ದು 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ. ಒಂದು ಬದಿಗೆ ಮೂರು ನಿಮಿಷದ ಚಿಲ್ಲರೆ, ಕೆಲವೇ ಸಾವಿರ ಹರ್ಟ್ಜ್‌ವರೆಗಿನ ದನಿ. ತಟ್ಟೆಯಲ್ಲಿ ಇಲ್ಲದ್ದನ್ನು ಯಾವ ಸೆಟ್ಟೂ ಹುಟ್ಟಿಸುವುದಿಲ್ಲ. ಅಂಥ ದನಿಗೆ ಒಂದೇ ಒಳ್ಳೆಯ ಸ್ಪೀಕರ್ ಎದುರು ಕೂತು ಕೇಳುವುದೇ ಸುಖ. ಸೆಟ್ ಬೆಳೆದ ಹಾಗೆಲ್ಲ ಹಳೆಯ ರೆಕಾರ್ಡಿಂಗ್ ಕೇಳುವುದನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಸೆಟ್ಟಿಗೆ ಒಪ್ಪುವ ನಾಲ್ಕು ಹಾಡು ಮಾತ್ರ ಮತ್ತೆ ಮತ್ತೆ ಹಾಕುತ್ತಾರೆ. ನಮ್ಮ ಭಾಗದ ಗಾಯಕರು ಇಷ್ಟು ದೊಡ್ಡ ಆಸ್ತಿ ಬಿಟ್ಟುಹೋಗಿರುವಾಗ ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಹಾಗಂತ ಬದಲಿಸಲೇಬಾರದು ಅಂತ ಅಲ್ಲ. ಸ್ಪೀಕರಿನ ಫೋಮ್ ಅಂಚು ಹದಿನೈದು-ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ. ಆಗ ಅಂಚು ಮಾತ್ರ ಹೊಸದು ಹಾಕಿಸಿ, ಪೂರ್ತಿ ಸ್ಪೀಕರ್ ಎಸೆಯಬೇಕಿಲ್ಲ. ಆಂಪಿನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಶಾಖ 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರಲ್ಲಿ ಆಂಪನ್ನು ಬಾಗಿಲಿರುವ ಕಪಾಟಿನಲ್ಲಿ ಮುಚ್ಚಿಡಬೇಡಿ. ಮೇಲೆ ಒಂದು ಗೇಣು ಖಾಲಿ ಬಿಡಿ, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಸ್ಪೀಕರಿನಲ್ಲಿ ಸದಾ ಗುಂಯ್ ಅನ್ನುತ್ತಿದ್ದರೆ ಅದು ಬಹುತೇಕ ಅರ್ಥಿಂಗಿನ ತೊಂದರೆ. ಕೇಬಲ್ ಟಿವಿಯ ವೈರ್ ಕಳಚಿ ನೋಡಿ, ನಿಂತರೆ ಕಾರಣ ಅಲ್ಲಿದೆ. ಪ್ಲಗ್ಗಿನ ಮೂರನೇ ಪಿನ್ ಮಾತ್ರ ಎಂದೂ ಕತ್ತರಿಸಬೇಡಿ. ಅದು ಜೀವ ಕಾಯುವ ಪಿನ್.

ಇಷ್ಟೆಲ್ಲ ಮಾಡಿ ಮೂರು ತಿಂಗಳು ಕೇಳಿದ ಮೇಲೂ ಏನಾದರೂ ತರಬೇಕು ಅನ್ನಿಸಿದರೆ, ಹಣ ಸ್ಪೀಕರಿಗೆ ಹಾಕಿ. ಒಳ್ಳೆಯ ಆಂಪ್ ದನಿಯನ್ನು ಕೆಡಿಸುವುದು ಶೇಕಡ 0.1ಕ್ಕಿಂತ ಕಡಿಮೆ. ಸ್ಪೀಕರ್ ಮಂದ್ರದಲ್ಲಿ ಒಂದು, ಎರಡು, ಕೆಲವೊಮ್ಮೆ ಇನ್ನೂ ಜಾಸ್ತಿ ಶೇಕಡ ಕೆಡಿಸುತ್ತದೆ. ಕಿವಿಗೆ ತಿಳಿಯುವ ವ್ಯತ್ಯಾಸ ಇರುವುದು ಅಲ್ಲಿ. ಅಂಗಡಿಯಲ್ಲಿ ಕೇಳಿ ತೀರ್ಮಾನ ಮಾಡಬೇಡಿ, ಅದು ಅಂಗಡಿಯ ಕೋಣೆ. ಎರಡು ದಿನ ಮನೆಯಲ್ಲಿಟ್ಟು ನೋಡಲು ಕೊಡುವವರ ಹತ್ತಿರ ಕೊಳ್ಳಿ. ಆಂಪೇ ಬೇಕು ಅಂತಾದರೆ ಹೀಗೆ ಪರೀಕ್ಷಿಸಿ. ಎರಡೂ ಆಂಪಿನ ವಾಲ್ಯೂಮನ್ನು ಮೀಟರ್ ಹಿಡಿದು ಸಮ ಮಾಡಿ. ಮನೆಯವರು ಯಾರಾದರೂ ನಿಮಗೆ ಕಾಣದಂತೆ ಬದಲಿಸಲಿ, ಯಾವುದು ಹಾಕಿದೆ ಅಂತ ಬರೆದಿಟ್ಟುಕೊಳ್ಳಲಿ. ನೀವು 16 ಸಲ ಊಹಿಸಿ. ಊಹೆಯಿಂದಲೇ 12 ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬಂದರೆ, ಮತ್ತು ಹೊಸದೇ ಇಷ್ಟವಾದರೆ, ಸಂತೋಷವಾಗಿ ತನ್ನಿ.

ಯಂತ್ರಗಳನ್ನೇ ಪ್ರೀತಿಸುವವರೂ ಇದ್ದಾರೆ. ಬಿಚ್ಚುವುದು, ಜೋಡಿಸುವುದು, ಹಳೆಯದನ್ನು ರಿಪೇರಿ ಮಾಡಿ ಎಬ್ಬಿಸುವುದು. ಅದು ಒಳ್ಳೆಯ ಹವ್ಯಾಸ, ನನ್ನ ಅನ್ನವೂ ಅದರಿಂದಲೇ. ನಿಮಗೂ ಆ ಪ್ರೀತಿ ಇದ್ದರೆ ವರ್ಷಕ್ಕೆ ಇಷ್ಟು ಹಣ ಅಂತ ಮನೆಯಲ್ಲಿ ಕೂತು ಮಾತಾಡಿ ತೆಗೆದಿಡಿ, ಆ ಮಿತಿಯೊಳಗೆ ಮನಸ್ಸಿಗೆ ಬಂದಂತೆ ಮಾಡಿ. ಆದರೆ ಅದನ್ನು ಗಾಯನದ ಹೆಸರಲ್ಲಿ ಮಾಡಬೇಡಿ. ಗಾಯನಕ್ಕೆ ಬೇಕಾದ್ದು ನಿಮ್ಮ ಹತ್ತಿರ ಬಂದು ವರ್ಷಗಳೇ ಆದವು.

ಕೊನೆಗೆ, ವಯಸ್ಸು 51 ಅಂತ ಬರೆದಿದ್ದೀರಿ. ವಯಸ್ಸಾದಂತೆ ಮೇಲಿನ ದನಿಗಳು ಕೇಳುವುದು ಕಡಿಮೆಯಾಗುವುದು ಸಹಜ, ಅದು ಎಲ್ಲರಿಗೂ ಆಗುತ್ತದೆ. ಮಾತು ಸ್ಪಷ್ಟ ಇಲ್ಲ ಅನ್ನಿಸಲು ಅದೂ ಒಂದು ಪಾಲು ಕಾರಣ ಇರಬಹುದು. ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ನೋಡುವ ಪರೀಕ್ಷೆ ಮಾಡಿಸಿ, ಅರ್ಧ ಗಂಟೆಯ ಕೆಲಸ. ವಾರಕ್ಕೆ 40 ಗಂಟೆ, 80 ಡೆಸಿಬಲ್, ಇದರೊಳಗೆ ಇದ್ದರೆ ಕಿವಿಗೆ ಅಪಾಯ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧ ಆಗುತ್ತದೆ. ಗಣಪತಿ ಬಿಡುವ ದಿನ ಬೆಳಗಾವಿಯ ಡಿಜೆ ಮೆರವಣಿಗೆ ನೋಡಲು ಬರುವುದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮಿನ ಇಯರ್ ಪ್ಲಗ್ ಕೊಂಡು ಬನ್ನಿ. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಸೇರಿಸಿ, ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಹಿಡಿದಿರಿ. ಮಕ್ಕಳು ಜೊತೆಗಿದ್ದರೆ ಅವರಿಗೂ ಹಾಕಿ.